ಶಿಸ್ಟೊಸೋಮಿಯಾಸಿಸ್ ರೋಗದ ಬಸವನಹುಳು ಕಣ್ಗಾವಲು

ಶಿಸ್ಟೊಸೋಮಿಯಾಸಿಸ್ ರೋಗದ ಬಸವನಹುಳು ಕಣ್ಗಾವಲು ಎಂದರೆ, ಈ ರೋಗವು ಒಂದು ಪ್ರದೇಶದ ನೀರಿನ ಮೂಲಕ ಇನ್ನೂ ಹರಡುತ್ತಿದೆಯೇ ಎಂಬುದನ್ನು ಅಲ್ಲಿನ ಸಿಹಿನೀರಿನ ಬಸವನಹುಳುಗಳನ್ನು ಮತ್ತು ನೀರನ್ನು ಪರೀಕ್ಷಿಸಿ ಕಂಡುಕೊಳ್ಳುವ ಕ್ರಮ. ರೋಗಿಗಳ ಪರೀಕ್ಷೆಯಿಂದ ಸೋಂಕು ತಗುಲಿದವರು ಯಾರೆಂದು ತಿಳಿಯುತ್ತದೆ; ಆದರೆ ಸೋಂಕು ಯಾವ ಕೆರೆ, ಕಾಲುವೆ ಅಥವಾ ಹೊಳೆಯಿಂದ ಬಂದಿತೆಂದು ಅದರಿಂದ ನೇರವಾಗಿ ತಿಳಿಯುವುದಿಲ್ಲ. ಈ ಕೊರತೆಯನ್ನು ತುಂಬಲು ಡಿಎನ್ಎ ಆಧಾರಿತ ವಿಧಾನಗಳು ಬಳಕೆಗೆ ಬಂದಿವೆ.

ಹಿನ್ನೆಲೆ

ಶಿಸ್ಟೊಸೋಮಿಯಾಸಿಸ್ ಅಥವಾ ಬಿಲ್ಹಾರ್ಜಿಯಾ ರೋಗವು ಶಿಸ್ಟೊಸೋಮಾ ಕುಲದ ಚಪ್ಪಟೆಹುಳುಗಳಿಂದ ಉಂಟಾಗುತ್ತದೆ. ಜರ್ಮನ್ ವೈದ್ಯ ಥಿಯೋಡರ್ ಬಿಲ್ಹಾರ್ಜ್ 1851ರಲ್ಲಿ ಈಜಿಪ್ಟಿನ ಕೈರೋ ನಗರದಲ್ಲಿ ಈ ಹುಳುವನ್ನು ಗುರುತಿಸಿದನು. ರೋಗ ಹರಡುವಲ್ಲಿ ಬಸವನಹುಳುವಿನ ಪಾತ್ರವನ್ನು 1913ರಲ್ಲಿ ಜಪಾನಿನ ಮಿಯಾಯಿರಿ ಮತ್ತು ಸುಜುಕಿ ತೋರಿಸಿಕೊಟ್ಟರು. 1915ರಲ್ಲಿ ರಾಬರ್ಟ್ ಲೀಪರ್ ಈಜಿಪ್ಟಿನಲ್ಲಿಯೂ ಇದನ್ನು ದೃಢಪಡಿಸಿದನು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಕನಿಷ್ಠ 25.14 ಕೋಟಿ ಜನರಿಗೆ ಈ ರೋಗದ ತಡೆಗಟ್ಟುವ ಚಿಕಿತ್ಸೆ ಅಗತ್ಯವಾಗಿತ್ತು. ಇವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಆಫ್ರಿಕಾ ಖಂಡದವರು.

ಜೀವನಚಕ್ರ

ರೋಗಿಯ ಮಲ ಅಥವಾ ಮೂತ್ರದೊಡನೆ ಹೊರಬಂದ ಮೊಟ್ಟೆಗಳು ಸಿಹಿನೀರನ್ನು ಸೇರಿದಾಗ ಒಡೆದು ಮಿರಾಸಿಡಿಯಾ ಎಂಬ ಮರಿಗಳು ಹೊರಬರುತ್ತವೆ. ಇವು ಸುಮಾರು ಒಂದು ದಿನದೊಳಗೆ ತಕ್ಕ ಜಾತಿಯ ಬಸವನಹುಳುವನ್ನು ಹೊಕ್ಕದಿದ್ದರೆ ಸಾಯುತ್ತವೆ. ಹೊಕ್ಕವು ಅದರ ಶರೀರದಲ್ಲಿ ವೃದ್ಧಿಯಾಗಿ, ಕೆಲವು ವಾರಗಳ ಬಳಿಕ ಸರ್ಕೇರಿಯಾ ಎಂಬ ಬಾಲವುಳ್ಳ ಮರಿಗಳಾಗಿ ಗುಂಪುಗುಂಪಾಗಿ ನೀರಿಗೆ ಬರುತ್ತವೆ. ಸ್ನಾನಕ್ಕೋ ಬಟ್ಟೆ ಒಗೆಯಲೋ ಮೀನು ಹಿಡಿಯಲೋ ನೀರಿಗಿಳಿದವರ ಚರ್ಮವನ್ನು ಸರ್ಕೇರಿಯಾಗಳು ಭೇದಿಸಿ ಒಳಸೇರುತ್ತವೆ.

ಪ್ರಾಜಿಕ್ವಾಂಟೆಲ್ ಎಂಬ ಔಷಧವು ದೇಹದಲ್ಲಿರುವ ಬೆಳೆದ ಹುಳುಗಳನ್ನು ಕೊಲ್ಲುತ್ತದೆ, ಮರುಸೋಂಕನ್ನು ತಡೆಯುವುದಿಲ್ಲ. ಆದುದರಿಂದ ನೀರಿನಲ್ಲಿ ಸೋಂಕು ಉಳಿದಿರುವಾಗ ಚಿಕಿತ್ಸೆಯನ್ನು ನಿಲ್ಲಿಸಿದರೆ, ಗುಣವಾದ ಮಕ್ಕಳೇ ಮತ್ತೆ ರೋಗಕ್ಕೆ ತುತ್ತಾಗುತ್ತಾರೆ.

ಸಾಂಪ್ರದಾಯಿಕ ವಿಧಾನ

ನೀರಿನ ಅಂಚಿನಿಂದ ಸಂಗ್ರಹಿಸಿದ ಬಸವನಹುಳುಗಳನ್ನು ಸ್ವಚ್ಛ ನೀರಿರುವ ಪಾತ್ರೆಗಳಲ್ಲಿಟ್ಟು, ಬೆಳಕಿಗೆ ಒಡ್ಡಿ, ಹೊರಬರುವ ಸರ್ಕೇರಿಯಾಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಲಾಗುತ್ತದೆ. ಇದಕ್ಕೆ ವೆಚ್ಚ ಕಡಿಮೆ. ಆ ಹುಳು ಆಗಲೇ ಸೋಂಕು ಹರಡಬಲ್ಲದು ಎಂಬುದಕ್ಕೆ ನೇರ ಸಾಕ್ಷ್ಯವೂ ದೊರೆಯುತ್ತದೆ. ಆದರೆ ಸೋಂಕು ತಗುಲಿದ್ದರೂ ಸರ್ಕೇರಿಯಾ ಬಿಡುವ ಹಂತಕ್ಕೆ ಬಾರದ ಬಸವನಹುಳುಗಳು ಇದರಲ್ಲಿ ತಪ್ಪಿಹೋಗುತ್ತವೆ. ಮನುಷ್ಯರಿಗೆ ರೋಗ ತರುವ ಸರ್ಕೇರಿಯಾಗಳನ್ನು ದನಕರುಗಳ ಹುಳುಗಳ ಸರ್ಕೇರಿಯಾಗಳಿಂದ ಕೇವಲ ಆಕಾರ ನೋಡಿ ಬೇರ್ಪಡಿಸುವುದೂ ಕಷ್ಟ.

ಆಣ್ವಿಕ ವಿಧಾನಗಳು

ಪಿಸಿಆರ್ ವಿಧಾನದಲ್ಲಿ ಬಸವನಹುಳುವಿನ ಅಂಗಾಂಶದಿಂದ ಡಿಎನ್ಎಯನ್ನು ಬೇರ್ಪಡಿಸಿ, ಅದರಲ್ಲಿ ಪರೋಪಜೀವಿಯ ಡಿಎನ್ಎ ಭಾಗವಿದ್ದರೆ ಅದನ್ನು ಅನೇಕ ಪಟ್ಟು ಹೆಚ್ಚಿಸಿ ಗುರುತಿಸಲಾಗುತ್ತದೆ. ಸೋಂಕು ತಗುಲಿದ ಮೊದಲ ದಿನಗಳಲ್ಲಿಯೇ ಇದು ಪತ್ತೆಹಚ್ಚಬಲ್ಲದು. ಹಲವು ಹುಳುಗಳ ಅಂಗಾಂಶವನ್ನು ಒಟ್ಟುಗೂಡಿಸಿಯೂ ಪರೀಕ್ಷಿಸಬಹುದಾದ್ದರಿಂದ, ಸಾವಿರ ಹುಳುಗಳಲ್ಲಿ ಕೆಲವಕ್ಕೆ ಮಾತ್ರ ಸೋಂಕಿರುವ ಪ್ರದೇಶಗಳಲ್ಲಿ ಇದು ಉಪಯುಕ್ತ. ಲ್ಯಾಂಪ್ ಎಂಬ ವಿಧಾನಕ್ಕೆ ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್ಸಿನ ಒಂದೇ ಉಷ್ಣತೆ ಸಾಕು. ಹೀಗಾಗಿ ಸಣ್ಣ ಪ್ರಯೋಗಾಲಯಗಳಿಗೂ ಇದು ಹೊಂದುತ್ತದೆ. ಚೀನಾದಲ್ಲಿ ಆಂಕೊಮೆಲೇನಿಯಾ ಬಸವನಹುಳುಗಳ ಪರೀಕ್ಷೆಗೆ ಇದನ್ನು ಬಳಸಲಾಗಿದೆ.

ಪರಿಸರ ಡಿಎನ್ಎ ವಿಧಾನದಲ್ಲಿ ಬಸವನಹುಳುವನ್ನು ಹಿಡಿಯುವ ಅಗತ್ಯವೇ ಇಲ್ಲ. ಜೀವಿಗಳು ನೀರಿಗೆ ಬಿಟ್ಟ ಕೋಶಗಳು ಹಾಗೂ ಡಿಎನ್ಎ ತುಣುಕುಗಳನ್ನು ಸೂಕ್ಷ್ಮ ರಂಧ್ರಗಳ ಶೋಧಕದಿಂದ ಸೋಸಿ ಪರೀಕ್ಷಿಸಲಾಗುತ್ತದೆ. ಕೀನ್ಯಾದಲ್ಲಿ ಶಿಸ್ಟೊಸೋಮಾ ಮ್ಯಾನ್ಸೋನಿ ಹುಳುವನ್ನು ನೀರಿನ ಮಾದರಿಗಳಲ್ಲಿ ಹೀಗೆ ಪತ್ತೆಹಚ್ಚಿದ ಅಧ್ಯಯನವು 2019ರಲ್ಲಿ ಪ್ರಕಟವಾಯಿತು.

ಪ್ರಮುಖ ನಿದರ್ಶನಗಳು

ಫ್ರಾನ್ಸಿನ ಕಾರ್ಸಿಕಾ ದ್ವೀಪದ ಕಾವು ನದಿಯಲ್ಲಿ ಈಜಿದ್ದ ಪ್ರವಾಸಿಗಳಲ್ಲಿ ಈ ರೋಗವಿರುವುದು 2014ರಲ್ಲಿ ಬೆಳಕಿಗೆ ಬಂದಿತು. ನೂರಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತ್ತು. ಪರೋಪಜೀವಿಯ ಡಿಎನ್ಎ ವಿಶ್ಲೇಷಣೆಯಿಂದ ಅದು ಮನುಷ್ಯರ ಶಿಸ್ಟೊಸೋಮಾ ಹೆಮಟೋಬಿಯಂ ಮತ್ತು ಜಾನುವಾರುಗಳ ಶಿಸ್ಟೊಸೋಮಾ ಬೋವಿಸ್ ಇವುಗಳ ಮಿಶ್ರತಳಿಯೆಂದೂ, ಅದರ ಮೂಲ ಸೆನೆಗಲ್ ಕಡೆಯದೆಂದೂ ತಿಳಿಯಿತು. ಬಳಿಕ ಸಂಗ್ರಹಿಸಿದ ಸಾವಿರಾರು ಬಸವನಹುಳುಗಳಲ್ಲಿ ಸೋಂಕು ಕಾಣಲಿಲ್ಲ. ಆದರೂ ಮುಂದಿನ ವರ್ಷಗಳಲ್ಲಿ ಹೊಸ ರೋಗಿಗಳು ಕಂಡುಬಂದರು. ಹುಳುಗಳಲ್ಲಿ ಸೋಂಕು ಕಾಣದ ಮಾತ್ರಕ್ಕೆ ನೀರು ನಿರಪಾಯಕರವೆನ್ನಲಾಗದು ಎಂಬುದಕ್ಕೆ ಇದು ನಿದರ್ಶನ.

ಜಾಂಜಿಬಾರ್ ದ್ವೀಪಸಮೂಹದ ಪೆಂಬಾದಲ್ಲಿ ಇದಕ್ಕೆ ಭಿನ್ನವಾದ ಸಂಗತಿ ಕಂಡುಬಂದಿತು. ಅಲ್ಲಿ ಕೆಲವು ಬಸವನಹುಳುಗಳು ಬಿಟ್ಟ ಸರ್ಕೇರಿಯಾಗಳು ಜಾನುವಾರುಗಳ ಶಿಸ್ಟೊಸೋಮಾ ಬೋವಿಸ್‌ನವು ಎಂದು ಡಿಎನ್ಎ ಪರೀಕ್ಷೆಯಿಂದ ಖಚಿತವಾಯಿತು. ಆಕಾರವನ್ನಷ್ಟೇ ನಂಬಿದ್ದರೆ ಅವನ್ನೂ ಮನುಷ್ಯರ ರೋಗದ ಲೆಕ್ಕಕ್ಕೆ ಸೇರಿಸುವ ಸಾಧ್ಯತೆಯಿತ್ತು.

ಮಿತಿಗಳು

ಡಿಎನ್ಎ ದೊರೆತ ಮಾತ್ರಕ್ಕೆ ರೋಗ ಹರಡುತ್ತಿದೆ ಎಂದು ಹೇಳಲಾಗದು. ಹೊಂದದ ಜಾತಿಯ ಬಸವನಹುಳುವನ್ನು ಹೊಕ್ಕು ಅಲ್ಲಿಯೇ ನಾಶವಾದ ಮಿರಾಸಿಡಿಯಾದ ಡಿಎನ್ಎಯೂ ಪರೀಕ್ಷೆಯಲ್ಲಿ ಕಾಣಿಸಬಹುದು. ಹರಿಯುವ ನೀರು ಡಿಎನ್ಎಯನ್ನು ದೂರ ಸಾಗಿಸುತ್ತದೆ. ಬಿಸಿಲು ಮತ್ತು ಉಷ್ಣತೆ ಅದನ್ನು ಬೇಗನೆ ಕೆಡಿಸುತ್ತವೆ. ಕೆಸರುನೀರು ಶೋಧಕವನ್ನು ಕಟ್ಟಿಸುತ್ತದೆ. ಅದರಲ್ಲಿರುವ ಕೆಲವು ಪದಾರ್ಥಗಳು ಪಿಸಿಆರ್ ಕ್ರಿಯೆಯನ್ನೂ ತಡೆಯುತ್ತವೆ. ಆದುದರಿಂದ ಈ ವಿಧಾನಗಳ ಫಲಿತಾಂಶವನ್ನು ಸರ್ಕೇರಿಯಾ ಪರೀಕ್ಷೆ ಮತ್ತು ಜನರ ಆರೋಗ್ಯ ತಪಾಸಣೆಗಳೊಡನೆ ಹೋಲಿಸಿ ನೋಡಬೇಕಾಗುತ್ತದೆ. ಬಸವನಹುಳುಗಳನ್ನು ಕೊಲ್ಲುವ ನಿಕ್ಲೋಸಮೈಡ್ ಮೀನುಗಳಿಗೂ ವಿಷವಾಗಿರುವುದರಿಂದ, ಅದನ್ನು ಎಲ್ಲಿ ಹಾಕಬೇಕೆಂಬುದನ್ನು ನಿಖರವಾಗಿ ತಿಳಿಯುವುದು ಅವಶ್ಯಕ.

ಭಾರತದಲ್ಲಿ

ಭಾರತದಲ್ಲಿ ಮನುಷ್ಯರ ಶಿಸ್ಟೊಸೋಮಿಯಾಸಿಸ್ ವಿರಳ. ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ಗಿಮ್ವಿ ಗ್ರಾಮದಲ್ಲಿ ಸ್ಥಳೀಯವಾಗಿ ಹರಡಿದ ರೋಗವು 1952ರಲ್ಲಿ ವರದಿಯಾಯಿತು. ಫೆರಿಸಿಯಾ ಟೆನುಯಿಸ್ ಎಂಬ ಬಸವನಹುಳು ಅದರ ವಾಹಕವೆಂದು ಗುರುತಿಸಲಾಯಿತು. ಜಾನುವಾರುಗಳಲ್ಲಿ ಮಾತ್ರ ಈ ಕುಲದ ಹುಳುಗಳು ಸಾಮಾನ್ಯ. ದನಗಳ ಮೂಗಿನ ರಕ್ತನಾಳಗಳಲ್ಲಿ ನೆಲೆಸಿ ಗೊರಕೆ ರೋಗವನ್ನು ಉಂಟುಮಾಡುವ ಶಿಸ್ಟೊಸೋಮಾ ನೇಸೇಲ್ ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತದಲ್ಲಿ ಕಂಡುಬರುತ್ತದೆ. ಇದು ಕೆರೆ, ಗದ್ದೆಗಳಲ್ಲಿರುವ ಇಂಡೋಪ್ಲಾನಾರ್ಬಿಸ್ ಎಕ್ಸುಸ್ಟಸ್ ಎಂಬ ಬಸವನಹುಳುವಿನ ಮೂಲಕ ಹರಡುತ್ತದೆ.