ಮಥುರೆಯ ಸ್ತೂಪ: ಪ್ರತಿರೂಪವೂ ಪ್ರಮಾಣವೂ

ಅಳಿದ ಕಟ್ಟಡದ ರೂಪವನ್ನು ಉಳಿದ ಕುರುಹುಗಳಿಂದ ಊಹಿಸಿ, ನಕ್ಷೆಯಾಗಿಯೋ ಮರಮಣ್ಣುಗಳ ಪ್ರತಿಕೃತಿಯಾಗಿಯೋ, ಈಚೆಗೆ ಗಣಕಯಂತ್ರದ ಚಿತ್ರವಾಗಿಯೋ ನಿಲ್ಲಿಸುವುದು ಪ್ರಾಕ್ತನಶಾಸ್ತ್ರದಲ್ಲಿ ರೂಢವಾದ ಕ್ರಮ. ಜೈನ ಪರಿಭಾಷೆಯಲ್ಲಿ ಇಂಥ ಮಾದರಿಯನ್ನು ಸ್ಥಾಪನಾನಿಕ್ಷೇಪವೆನ್ನಬಹುದು. ಮರದಲ್ಲಿ, ಚಿತ್ರದಲ್ಲಿ, ಕಡೆಗೆ ಪಗಡೆಯ ದಾಳದಲ್ಲಿಯೂ ಮತ್ತೊಂದು ವಸ್ತುವನ್ನು ಭಾವಿಸಿ ನಿಲ್ಲಿಸುವುದು ಸ್ಥಾಪನೆಯೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಅದು ತದಾಕಾರವಾಗಿರಬಹುದು, ಅತದಾಕಾರವೂ ಆಗಿರಬಹುದು. ಪ್ರಾಕ್ತನಜ್ಞರ ಮಾದರಿ ಇವೆರಡರಲ್ಲಿ ಯಾವುದೆಂಬುದು ವಿಚಾರಣೀಯ. ಮಥುರೆಯ ಕಂಕಾಲೀ ದಿಬ್ಬದ ಜೈನಸ್ತೂಪ ಇದಕ್ಕೆ ಉಚಿತವಾದ ನಿದರ್ಶನ.

ಆ ದಿಬ್ಬದಲ್ಲಿ 1888ರಿಂದ 1891ರವರೆಗೆ ಫ್ಯೂರರ್ ನಡೆಸಿದ ಉತ್ಖನನದಲ್ಲಿ 47 ಅಡಿ ವ್ಯಾಸದ ಇಟ್ಟಿಗೆಯ ಸ್ತೂಪದ ಅವಶೇಷವೂ ಎರಡು ಜಿನಾಲಯಗಳ ಕುರುಹುಗಳೂ ನೂರಾರು ಶಿಲ್ಪಗಳೂ ಬೆಳಕಿಗೆ ಬಂದುವು. ಆದರೆ ಯಾವ ವಸ್ತು ಯಾವ ಪದರದಲ್ಲಿತ್ತೆಂಬುದರ ಸಮರ್ಪಕವಾದ ದಾಖಲೆ ಉಳಿಯಲಿಲ್ಲ. 1901ರಲ್ಲಿ ವಿನ್ಸೆಂಟ್ ಸ್ಮಿತ್ ಪ್ರಕಟಿಸಿದ ಗ್ರಂಥವು ಬಹುಮಟ್ಟಿಗೆ ಚಿತ್ರಫಲಕಗಳ ಸಂಗ್ರಹ. ಸ್ತೂಪದ ವ್ಯಾಸ ತಿಳಿಯಿತು. ಅದರ ಎತ್ತರ, ಅಂಡದ ಬಾಗು, ಮೇಲಣ ಛತ್ರದ ವಿನ್ಯಾಸ ತಿಳಿಯಲಿಲ್ಲ.

ಈ ಕೊರತೆಯನ್ನು ತುಂಬಲು ಆಯಾಗಪಟಗಳು ನೆರವಾಗುತ್ತವೆ. ನರ್ತಕ ಫಲ್ಗುಯಶನ ಪತ್ನಿ ಶಿವಯಶೆ ಅರ್ಪಿಸಿದ, ಕಂಕಾಲೀ ದಿಬ್ಬದ ಆಯಾಗಪಟದಲ್ಲಿ ಸೋಪಾನ, ತೋರಣ, ವೇದಿಕೆ, ಇಕ್ಕೆಲದ ಕಂಬಗಳು ಸ್ಪಷ್ಟವಾಗಿವೆ, ಮೇಲ್ಭಾಗ ಮುರಿದುಹೋಗಿದೆ. ಮಥುರೆಯಲ್ಲಿಯೇ ದೊರೆತ, ಗಣಿಕೆ ಲೋಣಶೋಭಿಕೆಯ ಮಗಳಾದ ವಸು ಅರ್ಪಿಸಿದ ಪಟದಲ್ಲಿ ಇವೇ ಅಂಗಗಳ ಮೇಲೆ ಸ್ತೂಪದ ಅಂಡವೂ ಕಾಣುತ್ತದೆ. ಒಂದರ ಲೋಪವನ್ನು ಇನ್ನೊಂದರಿಂದ ತುಂಬುವುದು, ತ್ರುಟಿತವಾದ ಓಲೆಯ ಪಾಠವನ್ನು ಪ್ರತ್ಯಂತರದಿಂದ ತುಂಬಿಕೊಂಡಂತೆ.

ಆದರೆ ಆಯಾಗಪಟವೂ ಸ್ವತಃ ಒಂದು ಸ್ಥಾಪನೆಯೇ. ಅದು ಪೂಜಾಶಿಲೆ, ಅಳತೆಯ ನಕ್ಷೆಯಲ್ಲ. ಅಲ್ಲಿಯ ಸ್ತ್ರೀಮೂರ್ತಿಗಳು ಕಟ್ಟಡದ ಮುಂದೆ ಬೃಹದಾಕಾರವಾಗಿ ನಿಂತಿವೆ. ಆದ್ದರಿಂದ ಪಟದ ಅಗಲ-ಎತ್ತರಗಳ ಅನುಪಾತವನ್ನು 47 ಅಡಿಗೆ ಹೊಂದಿಸಿ ಸ್ತೂಪದ ಎತ್ತರವನ್ನು ಗುಣಿಸಿ ಹೇಳುವುದು ಸಾಧುವಲ್ಲ. ಮೇಲಾಗಿ ವಸುವಿನ ಶಾಸನವು ದೇವಕುಲ, ಆಯಾಗಸಭೆ, ಪ್ರಪೆ, ಶಿಲಾಪಟಗಳನ್ನು ಹೆಸರಿಸುತ್ತದೆಯೇ ಹೊರತು ಸ್ತೂಪವನ್ನು ಹೆಸರಿಸುವುದಿಲ್ಲ. ಕೆತ್ತಿದ್ದು ಈ ಸ್ತೂಪವನ್ನೇ ಎಂಬುದು ಅನುಮಾನಸಿದ್ಧವೇ ವಿನಾ ಶಾಸನಸಿದ್ಧವಲ್ಲ.

ಕಾಲನಿರ್ಣಯದಲ್ಲಿಯೂ ಇದೇ ನ್ಯಾಯ. ದಿಬ್ಬದಲ್ಲಿ ದೊರೆತ ಪ್ರತಿಮಾಪೀಠವೊಂದರ ಶಾಸನ ವೋದ್ವ ಸ್ತೂಪವನ್ನು ದೇವನಿರ್ಮಿತವೆನ್ನುತ್ತದೆ. ಅದರ ವರ್ಷವನ್ನು 79 ಎಂದು ಓದಿದವರುಂಟು, 49 ಎಂದು ಓದಿದವರೂ ಉಂಟು. ಕಟ್ಟಿದವರು ಯಾರೆಂಬುದೇ ಮರೆತುಹೋಗುವಷ್ಟು ಸ್ತೂಪ ಆಗಲೇ ಹಳೆಯದಾಗಿತ್ತೆಂಬ ಊಹೆ ಇದರಿಂದ ಹುಟ್ಟಿತು. ಕ್ರಿ.ಶ. 959ರ ಯಶಸ್ತಿಲಕದಲ್ಲಿ ದಿಗಂಬರ ಸೋಮದೇವಸೂರಿಯೂ 14ನೆಯ ಶತಮಾನದ ವಿವಿಧತೀರ್ಥಕಲ್ಪದಲ್ಲಿ ಶ್ವೇತಾಂಬರ ಜಿನಪ್ರಭಸೂರಿಯೂ ಆ ದೇವನಿರ್ಮಿತ ಸ್ತೂಪದ ಸ್ಮರಣೆಯನ್ನು ಉಳಿಸಿದ್ದಾರೆ. ಉಭಯ ಸಂಪ್ರದಾಯಗಳ ಈ ಸಾಕ್ಷ್ಯ ಪರಂಪರೆಯ ಸಾತತ್ಯಕ್ಕೆ ಬಲವಾದ ಪ್ರಮಾಣ. ಇಟ್ಟಿಗೆಗಳ ವಯಸ್ಸಿಗೆ ಅದು ಪ್ರಮಾಣವಾಗಲಾರದು.

ಗ್ರಂಥಸಂಪಾದಕರು ಪ್ರತಿಯಲ್ಲಿದ್ದ ಅಕ್ಷರ, ಪ್ರತ್ಯಂತರದಿಂದ ತಂದ ಅಕ್ಷರ, ತಾವು ಊಹಿಸಿದ ಅಕ್ಷರ ಇವನ್ನು ಬೇರೆ ಬೇರೆ ಚಿಹ್ನೆಗಳಿಂದ ಸೂಚಿಸುತ್ತಾರೆ. ಸ್ತೂಪದ ಮಾದರಿಯನ್ನು ರಚಿಸುವವರೂ ಅಗೆತದಲ್ಲಿ ಕಂಡ ತಳ, ಪಟಗಳಿಂದ ತಂದ ಅಂಗ, ಊಹೆಯ ಎತ್ತರ ಇವನ್ನು ವರ್ಣಭೇದದಿಂದ ತೋರಿಸುವುದು ಯುಕ್ತ. ಇಲ್ಲವಾದರೆ, ಓಲೆಯ ಅಂಚಿನ ಟಿಪ್ಪಣಿ ಮುಂದಿನ ಲಿಪಿಕಾರನ ಕೈಯಲ್ಲಿ ಮೂಲದೊಳಗೆ ಸೇರಿಹೋಗುವಂತೆ, ಇಂದಿನ ಊಹೆ ನಾಳೆ ಪ್ರಮಾಣವಾಗಿ ನಿಲ್ಲುತ್ತದೆ.