ಫ್ಲಾಪಿ ಹಾಸನ ತಲುಪಿತು, ಅಕ್ಷರ ತಲುಪಲಿಲ್ಲ

ಮೊನ್ನೆ ಗಂಡಸಿಯ ನಮ್ಮನೇಲಿ ಹಳೇ ಕರಪತ್ರ ಹುಡುಕೋಕೆ ಅಂತ ಟ್ರಂಕು ತೆಗೆದೆ. ಕೈಗೆ ಸಿಕ್ಕಿದ್ದು ಒಂದು ಕಪ್ಪು ಫ್ಲಾಪಿ. ಮೇಲೆ ನನ್ನದೇ ಕೈಬರಹ: ಜಮೀನು ಹೇಳಿಕೆಗಳು, 1999.

ಈಗಿನ ಹುಡುಗರಿಗೆ ಫ್ಲಾಪಿ ಅಂದ್ರೆ 'ಸೇವ್' ಬಟನ್ನಿನ ಮೇಲಿರೋ ಚಿತ್ರ ಅಷ್ಟೇ. ಆಗ ನಮಗೆ ಅದು ಜೇಬಿನಲ್ಲಿ ಹೋಗೋ ಕಚೇರಿ. ದಲಿತರಿಗೆ ಮಂಜೂರಾದ ಜಮೀನು ಕಾನೂನು ಮೀರಿ ಬೇರೆಯವರ ಕೈಸೇರಿದ್ದರೆ ವಾಪಸ್ ಕೊಡಿಸೋಕೆ 1978ರ ಪಿಟಿಸಿಎಲ್ ಕಾಯ್ದೆ ಇದೆಯಲ್ಲ, ಅದರಡಿ ಅರ್ಜಿ ಹಾಕೋಕೆ ಹನ್ನೊಂದು ಜನ ಹಿರಿಯರ ಹೇಳಿಕೆ ಬರೆದುಕೊಂಡಿದ್ವಿ. ಅರಸೀಕೆರೆಯ ಒಂದು ಡಿಟಿಪಿ ಅಂಗಡೀಲಿ ಟೈಪ್ ಮಾಡಿಸಿ, ಫ್ಲಾಪಿಗೆ ಹಾಕಿಸಿಕೊಂಡು ಹಾಸನದ ಬಸ್ ಹತ್ತಿದೆ. ಪ್ರಿಂಟು ಅಲ್ಲೇ ತೆಗೆಸೋದು ಅಂತ ಲೆಕ್ಕ.

ಹಾಸನದ ಅಂಗಡೀಲಿ ಫೈಲ್ ತೆರೀತು. ಆದರೆ ಪರದೆ ತುಂಬಾ ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆ ಗೆರೆ, ಚುಕ್ಕಿ. ಒಂದು ಕನ್ನಡ ಪದವೂ ಇಲ್ಲ. "ಈ ಫಾಂಟು ನಮ್ಮತ್ರ ಇಲ್ಲ ಸಾರ್" ಅಂದ ಹುಡುಗ. ಮಾರನೇ ದಿನ ಅರ್ಜಿಗೆ ಕೊನೇ ದಿನ. ಕೈಬರಹದ ಹಾಳೆ ಇದ್ದದ್ದು ನಾಲ್ಕು ಜನರದ್ದು ಮಾತ್ರ, ಉಳಿದವು ಅರಸೀಕೆರೆಯ ಅಂಗಡೀಲೇ ಉಳಿದಿದ್ವು. ರಾತ್ರಿಯೆಲ್ಲ ಕೂತು ಆ ನಾಲ್ಕನ್ನೇ ಮತ್ತೆ ಟೈಪ್ ಮಾಡಿಸಿದ್ವಿ. ಏಳು ಜನರ ಮಾತು ಅರ್ಜಿಯೊಳಗೆ ಹೋಗಲೇ ಇಲ್ಲ. ಆಮೇಲೆ ಆ ಹಾಳೆಗಳೂ ಸಿಗಲಿಲ್ಲ.

ಯಾಕೆ ಹೀಗಾಗ್ತಿತ್ತು? ಇದೂ ನಮ್ಮ ಚರಿತ್ರೆಯ ಭಾಗ.

ಮೊದಲು ಬೀಗ ಇದ್ದದ್ದು ಡಿಸ್ಕಿನಲ್ಲೇ. ಮ್ಯಾಕಿಂತಾಷ್ ತನ್ನ 800 ಕೆ.ಬಿ. ಫ್ಲಾಪಿಯನ್ನ ಬೇರೆ ಬೇರೆ ವೇಗದಲ್ಲಿ ತಿರುಗಿಸಿ ಬರೀತಿತ್ತು, ಪಿಸಿ ಒಂದೇ ವೇಗದಲ್ಲಿ. ಇದರದ್ದು ಅದಕ್ಕೆ ಓದೋಕೆ ಬರ್ತಿರಲಿಲ್ಲ. 1988ರಲ್ಲಿ ಮ್ಯಾಕ್‌ಗೂ 1.44 ಎಂ.ಬಿ. ಡ್ರೈವ್ ಬಂದ ಮೇಲೆ ಆ ಬೀಗ ಸಡಿಲ ಆಯ್ತು. ಆದರೆ ಕನ್ನಡಕ್ಕೆ ಎರಡನೇ ಬೀಗ ಉಳಿದೇ ಇತ್ತು: ಫಾಂಟು.

ಆಗಿನ ಫಾಂಟಿನಲ್ಲಿ ಒಟ್ಟು 256 ಮನೆ. ನಮ್ಮ ಗುಣಿತಾಕ್ಷರ, ಒತ್ತಕ್ಷರ ಎಲ್ಲ ಅದರಲ್ಲಿ ಹಿಡಿಯಲ್ಲ. ಅದಕ್ಕೇ ತಲೆಕಟ್ಟು, ಕೊಂಬು, ಒತ್ತು ಅಂತ ತುಂಡು ಮಾಡಿ ಕೂರಿಸ್ತಿದ್ರು. ಯಾವ ತುಂಡು ಯಾವ ಮನೇಲಿ ಅನ್ನೋದು ಆಯಾ ಕಂಪನಿಯ ಇಷ್ಟ. ಶ್ರೀಲಿಪಿಯದ್ದು ಒಂದು, ಆಕೃತಿಯದ್ದು ಇನ್ನೊಂದು. ಆಮೇಲೆ ಬಂದ ನುಡಿಯ ಹಳೇ ಫಾಂಟನ್ನೇ ನೋಡಿ: 'ಕನ್ನಡ' ಅಂತ ಬರೆದದ್ದು ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷಿನ 'ಪಿ'ಯಿಂದ ಶುರುವಾಗುತ್ತೆ, 'ನ' ಇರಬೇಕಾದ ಕಡೆ ಪೌಂಡಿನ ಗುರುತು ಕೂತಿರುತ್ತೆ! ಫಾಂಟು ಕೊಳ್ಳೋಕೆ ದುಡ್ಡು ಬೇಕು. ಕೆಲವು ತಂತ್ರಾಂಶಕ್ಕೆ ಕಂಪ್ಯೂಟರಿನ ಹಿಂದೆ ಸಿಕ್ಕಿಸೋ ಡಾಂಗಲ್ಲೂ ಬೇಕು. ತಂತ್ರಾಂಶ ಯಾರದ್ದೋ, ಮಾತು ಅವರ ಕೈಲಿ.

ಎಲ್ಲರಿಗೂ ಒಂದೇ ಕೋಡು ಇರಲಿಲ್ಲ ಅಂತ ಅಲ್ಲ. ಭಾರತೀಯ ಮಾನಕ ಬ್ಯೂರೋ 1991ರಲ್ಲೇ ಇಸ್ಕಿ ಅನ್ನೋ ಮಾನಕ ಕೊಟ್ಟಿತ್ತು. ಅದೇ ವರ್ಷ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಬಂದು ಎಷ್ಟೋ ಜನರಿಗೆ ಕನ್ನಡ ಟೈಪಿಂಗ್ ದಕ್ಕಿತು. 2001ರ ವಿಂಡೋಸ್ ಎಕ್ಸ್‌ಪಿ ಜೊತೆ 'ತುಂಗಾ' ಫಾಂಟು ಬಂತು. ರಾಜ್ಯ ಸರ್ಕಾರ ಯೂನಿಕೋಡ್ ಒಪ್ಪಿದ್ದು 2012ರಲ್ಲಿ. ಅಂದ್ರೆ ನಾನು ಬಸ್ ಹತ್ತೋ ಎಂಟು ವರ್ಷ ಮೊದಲೇ ಮಾನಕ ಇತ್ತು, ಅಂಗಡೀಲಿ ಇರಲಿಲ್ಲ. ಇದು ನಮಗೆ ಹೊಸದಾ? ಸಂವಿಧಾನದ 17ನೇ ವಿಧಿ 1950ರಿಂದ ಇದೆ. ಊರ ಬಾವಿಗೆ ಅದು ಯಾವಾಗ ತಲುಪಿತು ಅಂತ ನಿಮ್ಮ ನಿಮ್ಮ ಅಜ್ಜಿಯರನ್ನ ಕೇಳಿ.

ಬಾಬಾಸಾಹೇಬರು 1920ರ ಜನವರಿ 31ರಂದು 'ಮೂಕನಾಯಕ' ಶುರು ಮಾಡಿದ್ದು ಬೇರೆಯವರ ಪತ್ರಿಕೇಲಿ ನಮ್ಮ ಮಾತಿಗೆ ಜಾಗ ಇಲ್ಲ ಅಂತ. ನಮ್ಮಲ್ಲಿ ಎಪ್ಪತ್ತರ ದಶಕದ 'ಪಂಚಮ' ಬಂದದ್ದೂ ಅದಕ್ಕೇ. ಮೊಳೆ ಜೋಡಿಸಿ ಅಚ್ಚು ಹಾಕಿದ್ದನ್ನ, ಸೈಕ್ಲೋಸ್ಟೈಲ್ ಮಾಡಿದ್ದನ್ನ ಇವತ್ತೂ ಓದಬಹುದು. ಕಾಗದಕ್ಕೆ ಫಾಂಟು ಬೇಡ. ತೊಂಬತ್ತರ ದಶಕದ ನಮ್ಮ ಅರ್ಜಿ, ದೌರ್ಜನ್ಯದ ವರದಿ, ಸ್ಮರಣ ಸಂಚಿಕೆ ಎಷ್ಟೋ ಫ್ಲಾಪಿಯಲ್ಲೇ ಬಾಯಿ ಕಟ್ಟಿಸಿಕೊಂಡು ಕೂತಿವೆ.

ಸಿಕ್ಕ ಫ್ಲಾಪಿಯನ್ನ ಒಬ್ಬ ಗೆಳೆಯನಿಗೆ ಕೊಟ್ಟೆ. ಯುಎಸ್‌ಬಿ ಡ್ರೈವಿನಲ್ಲಿ ಓದಿಸಿ, ಯಾವ ಫಾಂಟು ಅಂತ ಪತ್ತೆ ಹಚ್ಚಿ, ಯೂನಿಕೋಡಿಗೆ ತಿರುಗಿಸಿದ. ಒತ್ತಕ್ಷರ ಅಲ್ಲಲ್ಲಿ ತಪ್ಪಿವೆ, ಕೈಯಲ್ಲೇ ತಿದ್ದಿದ್ವಿ. ಬಿಟ್ಟುಹೋಗಿದ್ದ ಏಳರಲ್ಲಿ ಆರು ಸಿಕ್ಕವು. ಏಳನೆಯದು ಇದ್ದ ಕಡೆ ಡಿಸ್ಕು ಹಾಳಾಗಿದೆ. ಅದು ನಮ್ಮ ಬೀದಿಯ ಒಬ್ಬ ಅಜ್ಜಿಯದ್ದು. ಅವರೀಗ ಇಲ್ಲ.

ಸಂಗಾತಿಗಳೇ, ಫ್ಲಾಪಿ ಎಸೀಬೇಡಿ. ಬೂಷ್ಟು ಹಿಡಿಯೋ ಮೊದಲು ಓದಿಸಿ. ಜೊತೆಗೆ ಹಳೇ ಫಾಂಟಿನ ಫೈಲೂ ಉಳಿಸಿಕೊಳ್ಳಿ, ಅದೇ ಬೀಗದ ಕೈ. ಯೂನಿಕೋಡಿಗೆ ತಿರುಗಿಸಿ ನಾಲ್ಕು ಕಡೆ ಇಡಿ. ಕೊನೆಗೆ ಒಂದು ಪ್ರಿಂಟು ತೆಗೆದು ಟ್ರಂಕಿನಲ್ಲೂ ಇಡಿ.

ಜೈ ಭೀಮ್.