ಜ್ಞಾನದಾನದ ಪರಂಪರೆ

ಶ್ರಾವಕನಿಗೆ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳು ವಿಹಿತವಾಗಿವೆ. ಅನ್ನವು ಒಂದು ಹೊತ್ತಿನ ಹಸಿವನ್ನೂ ಔಷಧವು ಒಂದು ಕಾಲದ ರೋಗವನ್ನೂ ನೀಗುತ್ತವೆ. ಶಾಸ್ತ್ರದಾನವಾದರೋ ಪಡೆದವನಿಂದ ಅವನ ಮಕ್ಕಳಿಗೂ ಶಿಷ್ಯರಿಗೂ ಸಾಗುತ್ತಲೇ ಇರುತ್ತದೆ. ಈ ದಾನದ ಮೊದಲ ನೆಲೆ ಮನೆ, ಎರಡನೆಯದು ಗುರುಸನ್ನಿಧಿ. ಕರ್ನಾಟಕದ ಜೈನ ಇತಿಹಾಸವೇ ಇದಕ್ಕೆ ಸಾಕ್ಷಿ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು 2021ರಿಂದ ವಿಜಯನಗರ ಜಿಲ್ಲೆಯಲ್ಲಿವೆ. ಪೂರ್ವದಲ್ಲಿ ಈ ಸೀಮೆಯೊಳಗೆ ಕೋಗಳಿ-500 ಎಂಬ ನಾಡಿತ್ತು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯ ಬಸದಿಯನ್ನು ಕಟ್ಟಿಸಿದವನು ದುರ್ವಿನೀತನೆಂದು ಅಲ್ಲಿಯ 1055ರ ಶಾಸನವು ಹೇಳುತ್ತದೆ. 6ನೆಯ ಶತಮಾನದ ಈ ಗಂಗ ಅರಸನು ಸ್ವತಃ ವಿದ್ವಾಂಸನು. 'ಕವಿರಾಜಮಾರ್ಗ'ವು ಕನ್ನಡದ ಗದ್ಯಕರ್ತರ ಸಾಲಿನಲ್ಲಿ ದುರ್ವಿನೀತನ ಹೆಸರನ್ನು ಎಣಿಸಿದೆ. ಆತನ ಬಸದಿಗೆ ಇಂದ್ರಕೀರ್ತಿ ಮುನಿಗಳು 1055ರಲ್ಲಿ ದತ್ತಿಯನ್ನು ಬಿಟ್ಟರು. ಸುಮಾರು 500 ವರ್ಷ ಕಳೆದರೂ ಕಟ್ಟಿಸಿದವನ ನೆನಪು ಅಳಿದಿರಲಿಲ್ಲ.

ಕೋಗಳಿಯಲ್ಲಿ ಚಾಲುಕ್ಯ ಆಹವಮಲ್ಲ ತೈಲಪನ ಕಾಲದ 992ರ ಶಾಸನವೂ ಉಂಟು. ಈ ತೈಲಪನಿಂದಲೇ ಮಹಾಕವಿ ರನ್ನನು 'ಕವಿಚಕ್ರವರ್ತಿ' ಎಂಬ ಬಿರುದನ್ನು ಪಡೆದನು. ರನ್ನನು 949ರಲ್ಲಿ ಮುಧೋಳದಲ್ಲಿ, ಬಳೆಗಾರರ ಕುಲದಲ್ಲಿ ಹುಟ್ಟಿದವನು. ತಂದೆ ಜಿನವಲ್ಲಭೇಂದ್ರ, ತಾಯಿ ಅಬ್ಬಲಬ್ಬೆ. ಬಳೆಯ ಮಲಾರವನ್ನು ಹೊರಬೇಕಾಗಿದ್ದ ಹೆಗಲು ವಿದ್ಯೆಯ ಭಾರವನ್ನು ಹೊತ್ತಿತು. ಆತನಿಗೆ ದೊರೆತ ಗುರುಗಳು ಅಜಿತಸೇನಾಚಾರ್ಯರು. ಗಂಗ ಮಾರಸಿಂಹನು ಬಂಕಾಪುರದಲ್ಲಿ ಸಲ್ಲೇಖನ ವ್ರತವನ್ನು ಕೈಗೊಂಡದ್ದು ಇವರ ಸನ್ನಿಧಿಯಲ್ಲಿಯೇ. ಗಂಗರ ಮಂತ್ರಿ ಚಾವುಂಡರಾಯನೂ ಇವರ ಶಿಷ್ಯನು. ಮಂತ್ರಿಗೂ ಬಳೆಗಾರನ ಮಗನಿಗೂ ಗುರು ಒಬ್ಬರೇ! ವಿದ್ಯೆಯ ಬಾಗಿಲಲ್ಲಿ ಕುಲವನ್ನೂ ಸಿರಿಯನ್ನೂ ಕೇಳಲಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಿಲ್ಲ.

ರನ್ನನು ಕೃತಜ್ಞತೆಯನ್ನು ಮರೆಯಲಿಲ್ಲ. ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ತನ್ನನ್ನು ಪೊರೆದ ಚಾವುಂಡರಾಯನೂ ದಾನಚಿಂತಾಮಣಿ ಅತ್ತಿಮಬ್ಬೆಯೂ ಹೀಗೆ ಅವನ ಮನೆಯಲ್ಲಿ ದಿನವೂ ಕರೆಯುವ ಹೆಸರುಗಳಾದರು. ಆತನ 'ಅಜಿತಪುರಾಣ'ವು 993ರಲ್ಲಿ ಈ ಅತ್ತಿಮಬ್ಬೆಯ ಪ್ರೇರಣೆಯಿಂದಲೇ ಪೂರ್ಣವಾಯಿತು.

ಅತ್ತಿಮಬ್ಬೆಗೆ ಈ ಗುಣ ಬಂದದ್ದು ತವರಿನಿಂದ. ಆಕೆಯ ತಂದೆ ಮಲ್ಲಪಯ್ಯನೂ ಚಿಕ್ಕಪ್ಪ ಪೊನ್ನಮಯ್ಯನೂ ತಮ್ಮ ಗುರು ಜಿನಚಂದ್ರದೇವರ ಸ್ಮರಣೆಗಾಗಿ ಪೊನ್ನನಿಂದ 'ಶಾಂತಿಪುರಾಣ'ವನ್ನು ಬರೆಯಿಸಿದರು. ತಂದೆಯು ಬರೆಯಿಸಿದ ಗ್ರಂಥ ಅಳಿಯಬಾರದೆಂದು ಮಗಳು ಅದರ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಆ ಕಾಲದಲ್ಲಿ ಓಲೆಗರಿಯ ಒಂದೊಂದು ಪ್ರತಿಯನ್ನೂ ಕೈಯಿಂದಲೇ ಬರೆಯಬೇಕಿತ್ತು. ಗುರುವಿನ ಮೇಲಣ ಭಕ್ತಿ ತಂದೆಯಲ್ಲಿ ಗ್ರಂಥವಾಯಿತು. ತಂದೆಯ ಮೇಲಣ ಪ್ರೀತಿ ಮಗಳಲ್ಲಿ ಗ್ರಂಥಪ್ರಸಾರವಾಯಿತು. 1007ರ ಲಕ್ಕುಂಡಿಯ ಶಾಸನವು ಆಕೆಯ ಕೀರ್ತಿಯನ್ನು ಇಂದಿಗೂ ಸಾರುತ್ತಿದೆ.

ಈ ಚರಿತ್ರೆಯಲ್ಲಿ ವರ್ತಕ ಸಮಾಜಕ್ಕೆ ನೇರವಾದ ಪಾಠವಿದೆ. ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ಮಗನಿಗೆ ಒಪ್ಪಿಸುವ ಆತುರದಲ್ಲಿ ಅವನ ಓದು ನಿಲ್ಲಬಾರದು. ವರ ಸಿಕ್ಕನೆಂದು ಮಗಳ ಪುಸ್ತಕ ಮುಚ್ಚಬಾರದು. ಜಿನವಲ್ಲಭೇಂದ್ರನ ಮಗ ಬಳೆ ಮಾರಿ ಬಾಳಬಹುದಾಗಿತ್ತು. ಹಾಗಾಗಿದ್ದರೆ ಅಂಗಡಿಯೊಂದು ಉಳಿಯುತ್ತಿತ್ತು, 'ಗದಾಯುದ್ಧ' ಹುಟ್ಟುತ್ತಿರಲಿಲ್ಲ. ಮಗುವಿನ ಕನಸನ್ನು ಹೆತ್ತವರು ಗುರುತಿಸಬೇಕು, ಗುರುವು ತಿದ್ದಿ ಬೆಳೆಸಬೇಕು, ಸಮಾಜವು ಆಶ್ರಯ ಕೊಡಬೇಕು. ರನ್ನನಿಗೆ ಈ ಮೂರೂ ದೊರೆತವು.

ಜಿನಬಿಂಬ ಪ್ರತಿಷ್ಠೆಗೆ ಕೈಬಿಚ್ಚಿ ಕೊಡುವ ಶ್ರಾವಕ ಶ್ರಾವಿಕೆಯರು ಒಂದೊಂದು ಮಗುವಿನ ಓದಿನ ಹೊಣೆಯನ್ನೂ ಹೊತ್ತರೆ ಶಾಸ್ತ್ರದಾನವು ಸಾರ್ಥಕವಾದೀತು. ಬಸದಿಯ ಶಿಖರಕ್ಕೆ ಕಳಶವಿಡುವವರು ನಾವು; ಆ ಬಸದಿಯನ್ನು ಮುಂದೆ ಕಾಯಬೇಕಾದವರು ಇಂದು ಪಾಟಿ ಹಿಡಿದ ಮಕ್ಕಳು.